ಜೂನ್ 30ರ ರಾತ್ರಿ ಹತ್ತೂವರೆ

ಆ ತಾಯಿ ಎಫ್‌ಐಆರ್ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು. ಬೈಕಿನಲ್ಲಿ ಊರಿಗೆ ಬರುತ್ತಿದ್ದ ಮಗನಿಗೆ ಲಾರಿ ಗುದ್ದಿ, ಅಲ್ಲೇ ಜೀವ ಹೋಗಿತ್ತು. 2024ರ ಜೂನ್ 30, ರಾತ್ರಿ ಹತ್ತೂವರೆ. ದೂರು ಕೊಟ್ಟದ್ದು ಮರುದಿನ ಬೆಳಿಗ್ಗೆ. ಹಳೆಯ ದಂಡ ಸಂಹಿತೆ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದೂ ಅವತ್ತೇ.

"ಹೊಸ ಕಾನೂನಲ್ಲಿ ಐದು ವರ್ಷ ಅಂತೆ ಮೇಡಂ. ಇವರು ಹಳೇ ಸೆಕ್ಷನ್ ಹಾಕಿ ಡ್ರೈವರನ್ನ ಉಳಿಸ್ತಿದ್ದಾರೆ" ಎಂದ ಜೊತೆಗೆ ಬಂದಿದ್ದ ಕಿರಿಮಗ.

ಕಾಗದ ಬಿಡಿಸಿದೆ. ಮೇಲೆ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ತನಿಖೆ-ವಿಚಾರಣೆಯ ಕ್ರಮ ಹೇಳುವ ಹೊಸ ಕಾನೂನಿನ, ಕಲಂ 173. ಕೆಳಗೆ ಐಪಿಸಿ 279, 304ಎ: ಅಡ್ಡಾದಿಡ್ಡಿ ವಾಹನ ಓಡಿಸಿದ್ದಕ್ಕೆ, ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ. ಒಂದೇ ಹಾಳೆಯಲ್ಲಿ ಹೊಸದೂ ಇದೆ, ಹಳೆಯದೂ ಇದೆ. ಎರಡೂ ಸರಿಯೇ. ದೂರು ದಾಖಲಿಸುವ, ತನಿಖೆ ನಡೆಸುವ ಕ್ರಮ ಜುಲೈ 1ರಿಂದ ಬದಲಾಗಿದೆ. ಶಿಕ್ಷೆ ಎಷ್ಟು ಅನ್ನುವುದಕ್ಕೆ ಮಾತ್ರ ಲಾರಿ ಗುದ್ದಿದ ಗಳಿಗೆಯಲ್ಲಿದ್ದ ಕಾನೂನೇ ಕಾನೂನು. 304ಎಗೆ ಹೆಚ್ಚೆಂದರೆ 2 ವರ್ಷ. ಅದೇ ತಪ್ಪಿಗೆ ನ್ಯಾಯ ಸಂಹಿತೆಯ ಹೊಸ 106(1)ರಲ್ಲಿ 5 ವರ್ಷದವರೆಗೆ. ನಡುವೆ ಸಂವಿಧಾನದ 20(1)ನೇ ವಿಧಿ ನಿಂತಿದೆ: ಮಾಡಿದಾಗ ಅಪರಾಧವಲ್ಲದ್ದಕ್ಕೆ ಶಿಕ್ಷೆ ಇಲ್ಲ, ಆಗ ಇದ್ದ ಶಿಕ್ಷೆಗಿಂತ ಹೆಚ್ಚಿನದೂ ಇಲ್ಲ.

ಕೇದಾರ್‌ನಾಥ್ ಪ್ರಕರಣ ನೆನಪಾಯಿತು. ಅಪರಾಧ ನಡೆದದ್ದು 1947ರಲ್ಲಿ, ಹೆಚ್ಚುವರಿ ದಂಡದ ಕಾನೂನು ಬಂದದ್ದು 1949ರಲ್ಲಿ. 1953ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚುವರಿ ದಂಡವನ್ನು ತೆಗೆದುಹಾಕಿತು. ಹುಡುಗನಿಗೆ ಅದು ಬೇಡ ಅನ್ನಿಸಿ ದೆಹಲಿಯ ಮಾತು ಹೇಳಿದೆ: 2012ರ ಡಿಸೆಂಬರಿನ ಸಾಮೂಹಿಕ ಅತ್ಯಾಚಾರಕ್ಕೆ ದೇಶಕ್ಕೆ ದೇಶವೇ ಬೀದಿಗಿಳಿದಿತ್ತು, ಆ ಸಿಟ್ಟಿನಿಂದಲೇ ಅತ್ಯಾಚಾರದ ಶಿಕ್ಷೆ ಹೆಚ್ಚಿಸುವ 2013ರ ತಿದ್ದುಪಡಿ ಬಂತು, ಆದರೂ ಅದರ ಹೆಚ್ಚಿನ ಶಿಕ್ಷೆಯನ್ನು ಆ ಆರೋಪಿಗಳ ಮೇಲೇ ಹೇರಲು ಆಗಲಿಲ್ಲ.

ಅವನು ಸುಮ್ಮನಾದ. ತಾಯಿ ಕೇಳಿದರು: "ಒಂದೂವರೆ ಗಂಟೆ ಬಿಟ್ಟು ಲಾರಿ ಬಂದಿದ್ರೆ ನನ್ನ ಮಗನ ಜೀವಕ್ಕೆ ಬೆಲೆ ಜಾಸ್ತಿ ಆಗ್ತಿತ್ತೇನವ್ವಾ?"

ಹದಿನೈದು ವರ್ಷದ ವಕೀಲಿಕೆಯಲ್ಲಿ ಇಂಥ ಪ್ರಶ್ನೆ ನನಗೆ ಬಂದಿರಲಿಲ್ಲ. ಬೆಲೆ ಅದೇ ಅಮ್ಮಾ, ಎಂದೆ. ನಾಳೆ ಸರ್ಕಾರ ಹೊಸ ಕಾನೂನು ತಂದು, ಹೋದ ವರ್ಷ ಮಾಡಿದ್ದಕ್ಕೆ ಈಗ ಶಿಕ್ಷೆ ಅಂತ ನಿಮ್ಮ ಈ ಮಗನನ್ನ ಎಳೆದುಕೊಂಡು ಹೋದರೆ ನಾನು ಇದೇ 20(1) ಹಿಡಿದು ಕೋರ್ಟಲ್ಲಿ ನಿಲ್ಲಬೇಕು. ಇವತ್ತು ಆ ಡ್ರೈವರಿಗೆ ಇಲ್ಲ ಅಂದರೆ ಅವತ್ತು ಇವನಿಗೂ ಇರುವುದಿಲ್ಲ, ಎಂದೆ. ನಾನು ನಂಬಿರುವುದೂ ಅದನ್ನೇ. ಅವರಿಗೆ ಸಮಾಧಾನ ಆಗಲಿಲ್ಲ. ಆಗಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ.

ಪರಿಹಾರದ ಅರ್ಜಿಗೆ ಬೇಕಾದ ಕಾಗದಗಳನ್ನು ಬರೆದುಕೊಟ್ಟೆ. ಅವರು ಎಫ್‌ಐಆರನ್ನು ಮತ್ತೆ ಅದೇ ನಾಲ್ಕು ಮಡಿಕೆಗೆ ಮಡಚಿ ಕವರಿಗೆ ಹಾಕಿಕೊಂಡರು.