ಕರಾವಳಿ–ಕೊಡಗಿನ ಊಟಕ್ಕೆ ನಂದಿಬೆಟ್ಟದ ವೈನ್: ಈವರೆಗಿನ ದಾಖಲೆ

ನಂದಿಬೆಟ್ಟದ ಕಡೆಯ ವೈನ್‌ಗಳನ್ನು ನಮ್ಮ ಊಟದ ಜತೆ ರುಚಿ ನೋಡಿ, ಯಾವುದಕ್ಕೆ ಯಾವುದು ಹೊಂದುತ್ತದೆಂದು ಅಂಕ ಕೊಡುವ ಪ್ರಯೋಗವಿದು. ಬಿಳಿ ವೈನ್‌ಗಳ ಸುತ್ತು ಮುಗಿದಿದೆ. ಕೆಂಪಿನದು ಅರ್ಧಕ್ಕೆ ಬಂದಿದೆ. ಸಿಹಿಯದು ಇನ್ನೂ ಶುರುವಾಗಿಲ್ಲ.

ಮಸಾಲೆ ಊಟಕ್ಕೆ ವೈನ್ ಹೊಂದುವುದಿಲ್ಲ ಎನ್ನುವವರು ಮಸಾಲೆಯನ್ನು ಸುಮ್ಮನೆ ದೂರುತ್ತಾರೆ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಇವುಗಳಿಂದ ವೈನ್‌ಗೆ ತೊಂದರೆಯೇ ಇಲ್ಲ. ಕೆಡಿಸುವುದು ಒಣಮೆಣಸಿನಕಾಯಿಯ ಖಾರ, ಹುಣಸೆಯ ಹುಳಿ ಮತ್ತು ಬೆಚ್ಚಗಿರುವ ಬಾಟಲಿ. ಮೂರನೆಯದೇ ಹೆಚ್ಚು ಕೆಡಿಸುತ್ತದೆ, ಅದನ್ನು ಸರಿಮಾಡುವುದೇ ಎಲ್ಲಕ್ಕಿಂತ ಸುಲಭ.

ವಿಧಾನ

ಒಬ್ಬರಿಗೆ 60 ಮಿಲಿ ಸುರಿದರೆ 750 ಮಿಲಿ ಬಾಟಲಿ ಹನ್ನೆರಡು ಜನಕ್ಕೆ ಸಾಕು. ಮೊದಲು ಬರಿಯ ವೈನ್ ಒಂದು ಗುಟುಕು, ಆಮೇಲೆ ಒಂದು ತುತ್ತು, ಬಾಯಿ ಖಾಲಿಯಾದ ಮೇಲೆ ಮತ್ತೆ ಒಂದು ಗುಟುಕು. ಅಂಕ ಕೊಡುವುದು ಎರಡನೆಯ ಗುಟುಕಿಗೆ ಮಾತ್ರ. ನಡುವೆ ಬಾಯಿ ತೊಳೆಯಲು ಸಪ್ಪೆ ಅನ್ನ, ನೀರು. ಮಜ್ಜಿಗೆ ಬೇಡ. ಅದು ಖಾರವನ್ನೇನೋ ಇಳಿಸುತ್ತದೆ, ಆದರೆ ನಾಲಿಗೆಗೆ ಲೇಪ ಹಿಡಿದು ಮುಂದಿನ ವೈನ್ ತೆಳುವಾಗಿ ಕಾಣುತ್ತದೆ. ಉಪ್ಪಿನಕಾಯಿ ಮೇಜಿನ ಮೇಲೇ ಇರಬಾರದು.

ತಣ್ಣಗಾಗಿಸುವ ಲೆಕ್ಕ: 28 ಡಿಗ್ರಿಯ ಕೋಣೆಯಿಂದ ತೆಗೆದ ಬಾಟಲಿ ಫ್ರಿಜ್‌ನಲ್ಲಿ 16ಕ್ಕೆ ಇಳಿಯಲು ಒಂದು ಗಂಟೆಗಿಂತ ತುಸು ಹೆಚ್ಚು ಬೇಕು, 10ಕ್ಕೆ ಇಳಿಯಲು ಎರಡರಿಂದ ಎರಡೂವರೆ ಗಂಟೆ. ಬಕೆಟ್‌ನಲ್ಲಿ ಅರ್ಧ ಐಸ್ ಅರ್ಧ ನೀರು ಹಾಕಿ ಕುತ್ತಿಗೆಯವರೆಗೆ ಮುಳುಗಿಸಿದರೆ ಅದೇ ಕೆಲಸ ಸುಮಾರು 7 ನಿಮಿಷ ಮತ್ತು 15 ನಿಮಿಷದಲ್ಲಿ ಆಗುತ್ತದೆ. ಬರೀ ಐಸ್ ತುಂಬಿದರೆ ತುಂಡುಗಳ ನಡುವೆ ಗಾಳಿ ಉಳಿದು ನಿಧಾನವಾಗುತ್ತದೆ, ನೀರು ಇರಲೇಬೇಕು. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕುಡಿಯಬೇಕೆಂಬ ಮಾತು ಚಳಿದೇಶದ ಮನೆಗಳದ್ದು, ಅಲ್ಲಿ ರೂಮ್ ಎಂದರೆ 16ರಿಂದ 18. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೂ ಅದಕ್ಕೂ ಸಂಬಂಧವಿಲ್ಲ. 28 ಡಿಗ್ರಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಖಾರ ತಿಂದ ಬಾಯಲ್ಲಿ ಅದೇ ಉರಿಯಾಗುತ್ತದೆ.

ಬಿಳಿ ಸುತ್ತು: ಮುಗಿದಿದೆ

ಕೋರಿ ರೊಟ್ಟಿಗೆ ಶೆನಿನ್ ಬ್ಲಾಂಕ್ ಎಂಬ ದ್ರಾಕ್ಷಿಯ ವೈನ್, ಅದರಲ್ಲೂ ತುಸು ಸಿಹಿ ಉಳಿಸಿಕೊಂಡದ್ದು, 10 ಡಿಗ್ರಿಯಲ್ಲಿ. ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಸಾರಿನ ತೆಂಗಿನ ಹಾಲು ಅರ್ಧ ಕೆಲಸ ಮಾಡಿಯೇ ಇರುತ್ತದೆ, ಉಳಿದದ್ದನ್ನು ವೈನ್‌ನ ಸಿಹಿ ಮುಚ್ಚುತ್ತದೆ. ಒಂದು ಷರತ್ತಿದೆ: ಮೆಣಸಿನಕಾಯಿ ಬ್ಯಾಡಗಿಯದೇ ಆಗಬೇಕು. ಬ್ಯಾಡಗಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಜಾಗಕ್ಕೆ ಅದೇ ಅಳತೆಯ ಗುಂಟೂರು ಬಿದ್ದರೆ ಯಾವ ವೈನೂ ನಿಲ್ಲುವುದಿಲ್ಲ. ಹೋಟೆಲ್‌ಗಳಲ್ಲಿ ಬೆಲೆ ನೋಡಿ ಎರಡನ್ನೂ ಬೆರೆಸುವುದುಂಟು, ಹಾಗಾಗಿ ಮೊದಲು ಸಾರನ್ನಷ್ಟೇ ಒಂದು ಚಮಚ ರುಚಿ ನೋಡಿ ಆಮೇಲೆ ಬಾಟಲಿ ಹೇಳಿ. ಕುಂದಾಪುರದ ಘೀ ರೋಸ್ಟ್‌ಗೂ ಇದೇ ಉತ್ತರ. ತುಪ್ಪವೂ ಚಿಟಿಕೆ ಬೆಲ್ಲವೂ ವೈನ್‌ನ ಪರವಾಗಿಯೇ ಇವೆ.

ಹುಣಸೆ–ಮೆಣಸಿನಕಾಯಿ ಅರೆದು ಮಾಡುವ ಬಂಗುಡೆ ಪುಳಿಮುಂಚಿಯ ಲೆಕ್ಕ ಬೇರೆ. ಊಟದ ಹುಳಿ ವೈನ್‌ನ ಹುಳಿಯನ್ನು ನುಂಗಿಬಿಡುತ್ತದೆ. ಒಳ್ಳೆಯ ಶೆನಿನ್ ಕೂಡ ಒಂದು ತುತ್ತಿನ ಬಳಿಕ ಸಕ್ಕರೆ ನೀರಿನಂತೆ ಸಪ್ಪೆ. ಇಲ್ಲಿ ಬೇಕಾದ್ದು ಹುಳಿ ಚುರುಕಾಗಿರುವ ಸೊವಿನ್ಯೋನ್ ಬ್ಲಾಂಕ್, 8ರಿಂದ 10 ಡಿಗ್ರಿ. ವಿಯೋನ್ಯೆ ಎಂಬ ಇನ್ನೊಂದು ಬಿಳಿ ತಟ್ಟೆಯ ಪಕ್ಕದಲ್ಲಿ ಮಲ್ಲಿಗೆ–ಏಪ್ರಿಕಾಟ್‌ನಂತೆ ಘಮಘಮಿಸುತ್ತದೆ, ಬಾಯಲ್ಲಿ ಸೋಲುತ್ತದೆ: ಹುಳಿ ಕಡಿಮೆ, ಆಲ್ಕೋಹಾಲ್ ಹೆಚ್ಚು. ಅದನ್ನು ನೀರ್ ದೋಸೆ ಮತ್ತು ಖಾರವಿಲ್ಲದ ಸಿಗಡಿ–ತೆಂಗಿನ ಹಾಲಿನ ಗಸಿಗೆ ಎತ್ತಿಟ್ಟಿದೆ.

ಕರಿದ ತಿಂಡಿಗೆ, ಅಂದರೆ ಮದ್ದೂರು ವಡೆಗೂ ಕಾಣೆ ರವಾ ಫ್ರೈಗೂ, ಬ್ರೂಟ್ ಸ್ಪಾರ್ಕ್ಲಿಂಗ್ (ಸಿಹಿ ತೀರಾ ಕಡಿಮೆಯಿರುವ, ಗುಳ್ಳೆಯೇಳುವ ವೈನ್) 6–8 ಡಿಗ್ರಿಯಲ್ಲಿ. ಎಣ್ಣೆ, ಉಪ್ಪು ಎರಡನ್ನೂ ಗುಳ್ಳೆ ಕತ್ತರಿಸುತ್ತದೆ. ತೆರೆಯುವಾಗ ತಂತಿಯನ್ನು ಆರು ಸಲ ಅರ್ಧರ್ಧ ಸುತ್ತು ತಿರುಗಿಸಿ ಬಿಚ್ಚಿ, ಕಾರ್ಕ್ ಮೇಲಿನ ಹೆಬ್ಬೆರಳು ತೆಗೆಯದೆ, ಬಾಟಲಿಯನ್ನೇ ತಿರುಗಿಸಿ. ಒಳಗೆ 5–6 ವಾತಾವರಣದಷ್ಟು ಒತ್ತಡವಿರುತ್ತದೆ. ತಣ್ಣಗಿರದ ಬಾಟಲಿಯಾದರೆ ಅರ್ಧ ವೈನ್ ಮೇಜುಬಟ್ಟೆಗೇ.

ರಸಂ, ಬಿಸಿಬೇಳೆಬಾತ್ ಎರಡನ್ನೂ ಪಟ್ಟಿಯಿಂದ ತೆಗೆದಿದೆ. ಹಬೆಯಾಡುವ ಬಿಸಿ, ಹುಣಸೆ, ಇಂಗು ಒಟ್ಟಿಗೆ ಬಂದಾಗ ಗ್ಲಾಸ್ ಪಕ್ಕಕ್ಕಿಡುವುದೇ ವಾಸಿ.

ಕೆಂಪು ಸುತ್ತು: ನಡೆಯುತ್ತಿದೆ

ಈ ಸುತ್ತಿನಲ್ಲಿ ಗಟ್ಟಿಯಾಗಿ ಕೂತದ್ದು ಪಂದಿ ಕರಿ ಮತ್ತು ಶಿರಾಜ್ ದ್ರಾಕ್ಷಿಯ ಕೆಂಪು ವೈನ್, 16 ಡಿಗ್ರಿಯಲ್ಲಿ. ಶಿರಾಜ್‌ನ ಮೆಣಸಿನ ಘಾಟಿಗೆ ಕಾರಣವಾದ ರೊಟಂಡೋನ್ ಎಂಬ ಅಂಶವೇ ಕರಿಮೆಣಸಿನಲ್ಲೂ ಇದೆ. ಸೆಖೆ ನಾಡಿನ ಶಿರಾಜ್‌ನಲ್ಲಿ ಅದು ಕಡಿಮೆ, ಆದರೆ ಕೊರತೆಯನ್ನು ಕೊಡಗಿನ ಮೆಣಸು ತುಂಬಿಕೊಡುತ್ತದೆ. ಹಂದಿಯ ಕೊಬ್ಬು, ದ್ರಾಕ್ಷಿ ಸಿಪ್ಪೆಯಿಂದ ಬರುವ ಟ್ಯಾನಿನ್‌ನ ಒಗರನ್ನು ಮೆತ್ತಗೆ ಮಾಡುತ್ತದೆ. ಗಮನಿಸಬೇಕಾದ್ದು ಕಾಚಂಪುಳಿ. ಕೊನೆಗೆ ಹಾಕುವ ಆ ಕಪ್ಪು ಹುಳಿ ಕಾಲು ಚಮಚ ಹೆಚ್ಚಾದರೂ ವೈನ್ ಬೋಳಾಗುತ್ತದೆ. ಕಡುಬುಟ್ಟಿನೊಂದಿಗೆ (ಅಕ್ಕಿ ತರಿಯ ಉಂಡೆ) ತಿಂದರೆ ಆ ಹುಳಿ ಹರಡಿಕೊಳ್ಳುತ್ತದೆ, ಕರಿಯನ್ನಷ್ಟೇ ತಿಂದು ಅಂಕ ಕೊಡಬೇಡಿ.

ಬಂಗುಡೆ, ಬೂತಾಯಿಯಂಥ ಜಿಡ್ಡಿನ ಮೀನಿಗೆ ಕೆಂಪು ಬೇಡ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿಗೆ ತಾಗಿದರೆ ನಾಣ್ಯ ನೆಕ್ಕಿದಂಥ ರುಚಿ, ಹಿಂದೆಯೇ ಮೀನುವಾಸನೆ. ಕ್ಯಾಬರ್ನೇ ಸೊವಿನ್ಯೋನ್‌ಗೆ ಇನ್ನೂ ಜೋಡಿ ಸಿಕ್ಕಿಲ್ಲ. ಅದರ ಒಗರು ಖಾರವನ್ನು ಎಬ್ಬಿಸುತ್ತದೆ. ನಾಟಿಕೋಳಿ ಸಾರಿನ ಮುಂದೆ ಎರಡೂ ಜಗಳಕ್ಕೆ ಬಿದ್ದವು, ಮುದ್ದೆಯೂ ಮಧ್ಯಸ್ಥಿಕೆ ಮಾಡಲಿಲ್ಲ. ಮುಂದೆ ಶಿರಾಜ್ ಬೆರೆತ ಕ್ಯಾಬರ್ನೇಯನ್ನು ಸುಟ್ಟ ಮಟನ್ ಚಾಪ್ಸ್‌ಗೆ ಇಟ್ಟು ನೋಡುವುದಿದೆ.

ಉಳಿದ ವೈನನ್ನು 375 ಮಿಲಿ ಬಾಟಲಿಗೆ ಕುತ್ತಿಗೆ ಮುಟ್ಟ ತುಂಬಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಆಮೇಲಿನದು ಅಡುಗೆಗೆ.

ಕೊಳ್ಳುವಾಗ, ಹೊರಗೆ ಉಣ್ಣುವಾಗ

ನಂದಿಬೆಟ್ಟದ ಕಡೆ ದ್ರಾಕ್ಷಿ ಬಳ್ಳಿ ವರ್ಷಕ್ಕೆರಡು ಸಲ ಕತ್ತರಿಯಡಿ ಬರುತ್ತದೆ. ಏಪ್ರಿಲ್ ಹೊತ್ತಿಗೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಎರಡನೆಯ ಚಾಟನಿಯ (ಬಳ್ಳಿ ಕತ್ತರಿಸುವಿಕೆಯ) ಫಸಲು ಜನವರಿಯಿಂದ ಮಾರ್ಚ್–ಏಪ್ರಿಲ್‌ವರೆಗೆ ಕೊಯ್ಲಾಗುತ್ತದೆ, ಹಾಗಾಗಿ ಆ ವರ್ಷದ ಬಿಳಿ ಅದೇ ವರ್ಷ ಅಂಗಡಿಗೆ ಬರಬಹುದು. ಸಾಧಾರಣ ಬಿಳಿ ವೈನ್‌ನಲ್ಲಿ ಇರುವುದರಲ್ಲೇ ಹೊಸ ವರ್ಷದ್ದನ್ನು ಕೇಳಿ. ಟ್ಯೂಬ್‌ಲೈಟಿನ ಕೆಳಗೆ ಬೆಚ್ಚಗೆ ನಿಂತ ಬಾಟಲಿ, ಅಂಟಂಟಾದ ಕುತ್ತಿಗೆ, ಮೇಲೆದ್ದ ಕಾರ್ಕ್, ಕಂದಿದ ಬಂಗಾರದ ಬಣ್ಣ ಕಂಡರೆ ಅದು ಬೆಂದುಹೋದ ವೈನ್. ರೆಸ್ಟೋರೆಂಟ್‌ನಲ್ಲಿ ಗ್ಲಾಸ್ ಲೆಕ್ಕದಲ್ಲಿ ತರಿಸುವುದಾದರೆ ಬಾಟಲಿ ಯಾವಾಗ ತೆರೆದದ್ದೆಂದು ಕೇಳುವುದರಲ್ಲಿ ಸಂಕೋಚವಿಲ್ಲ. ಕೆಂಪು ಬೆಚ್ಚಗೆ ಬಂದರೆ ಐಸ್ ಬಕೆಟ್ ಕೇಳಿ. ವೇಟರ್ ಅಚ್ಚರಿಪಟ್ಟರೂ ಏಳು ನಿಮಿಷ ಮುಳುಗಿಸಿ. ಕಾರ್ಕಿನ ಬಾಟಲಿ ಒದ್ದೆ ಗೋಣಿಚೀಲದಂತೆ ನಾತ ಹೊಡೆದರೆ ವಾಪಸ್ ಕಳಿಸುವುದು ನಿಮ್ಮ ಹಕ್ಕು, ಬರೀ ಇಷ್ಟವಾಗಲಿಲ್ಲ ಎಂದು ಕಳಿಸುವಂತಿಲ್ಲ.

ತೋಟದ ವಾರಾಂತ್ಯ: ತಯಾರಿ

ದೊಡ್ಡಬಳ್ಳಾಪುರದ ಗ್ರೋವರ್ ತೋಟದಿಂದಲೇ ಈ ಭಾಗದ ವೈನ್ ಕಥೆ ಶುರುವಾದದ್ದು, 1988ರಲ್ಲಿ. ರಾಜ್ಯದ ವೈನ್ ನೀತಿ ಬಂದದ್ದು 2007ರಲ್ಲಿ. ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂ ಇದೇ ಮಣ್ಣಿನದಾದರೂ ಅದು ಬೇರೆ ಜಾತಿಯ ದ್ರಾಕ್ಷಿ. ರಸಕ್ಕೂ ಸಿಹಿ ವೈನ್‌ಗೂ ಸರಿ, ಈ ಪಟ್ಟಿಗೆ ಸೇರದು.

ರೆಸಾರ್ಟ್ ಬುಕ್ ಮಾಡುವ ಮೊದಲು ತಿಂಗಳು ನೋಡಿ. ಗೊಂಚಲು ಕಾಣಬೇಕಾದರೆ ಜನವರಿ–ಫೆಬ್ರವರಿ. ಜೂನ್‌ನಲ್ಲಿ ಹೋದರೆ ಎಲೆ ಮಾತ್ರ, ರೂಮಿನ ಬಾಡಿಗೆ ಬೇಕಾದರೆ ಕಡಿಮೆ ಇರಬಹುದು. ಜನವರಿ 26ರ ಡ್ರೈ ಡೇ, ಚುನಾವಣೆಯಿದ್ದರೆ ಮತದಾನ ಮುಗಿಯುವವರೆಗಿನ 48 ಗಂಟೆ, ಇವನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತಿಸಿ. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರಿ ಸೂರ್ಯೋದಯ ನೋಡುವವರಿಂದ ತುಂಬಿರುತ್ತದೆ, ಶುಕ್ರವಾರವೇ ಸೇರಿಕೊಳ್ಳುವುದು ಒಳ್ಳೆಯದು. ಟೇಸ್ಟಿಂಗ್ ಇರುವ ದಿನ ಕುಡಿಯದ ಡ್ರೈವರ್ ಬೇಕೇ ಬೇಕು. ಕೊಂಡ ಬಾಟಲಿಗಳಿಗೆ ಥರ್ಮಾಕೋಲ್ ಪೆಟ್ಟಿಗೆ ಒಯ್ಯಿರಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಒಂದು ಮಧ್ಯಾಹ್ನದಲ್ಲಿ ಒಳ್ಳೆಯ ವೈನನ್ನು ಜ್ಯಾಮ್ ಮಾಡಿಬಿಡುತ್ತದೆ.

ಬಾಕಿ

ಒಬ್ಬಟ್ಟು. ಸಿಹಿ ತಿಂದ ಬಾಯಿಗೆ ಡ್ರೈ, ಅಂದರೆ ಸಿಹಿಯಿಲ್ಲದ ವೈನ್ ಬರೀ ಹುಳಿ, ಹಾಗಾಗಿ ವೈನ್ ಹೂರಣಕ್ಕಿಂತ ಒಂದು ಕೈ ಹೆಚ್ಚೇ ಸಿಹಿ ಇರಬೇಕು. ತಡವಾಗಿ ಕೊಯ್ದ ಶೆನಿನ್‌ನ ಅರ್ಧ ಬಾಟಲಿ ತಂದಿಟ್ಟಿದೆ. ಬೇಳೆ ಒಬ್ಬಟ್ಟು, ಕಾಯಿ ಒಬ್ಬಟ್ಟು ಎರಡೂ, ತುಪ್ಪ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಹಾಲು ಸುರಿದು ತಿನ್ನುವವರನ್ನು ಆ ಸುತ್ತಿಗೆ ಸೇರಿಸುವಂತಿಲ್ಲ.