ಆಷಾಢದಲ್ಲಿ ಊರು ನೋಡಬೇಕು

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹೊರವಲಯದಲ್ಲಿರುವ ಈ ಮನೆಯನ್ನು ನಾವು ಮೊದಲ ಸಲ ನೋಡಿದ್ದು 2023ರ ಡಿಸೆಂಬರಿನಲ್ಲಿ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು, ಅದರ ಒಗರು ವಾಸನೆ ಗಾಳಿಯಲ್ಲಿ ತುಂಬಿತ್ತು, ಬೆಳಗಿನ ಚಳಿಗೆ ನಮ್ಮ ಮಕ್ಕಳಿಬ್ಬರೂ ಬಚ್ಚಲೊಲೆಯ ಮುಂದೆ ಕುಳಿತವರು ಏಳಲು ಒಪ್ಪಲೇ ಇಲ್ಲ. ನಾನೂ ನನ್ನ ಯಜಮಾನರೂ ಅಂದೇ ಮುಂಗಡ ಕೊಟ್ಟುಬಿಡೋಣವೆಂದು ಮನಸ್ಸು ಮಾಡಿದ್ದೆವು. ಮನೆಯ ಒಡತಿ, ಈಗ ನಾವು ಅತ್ತೆ ಎಂದೇ ಕರೆಯುವ ಎಪ್ಪತ್ತರ ಆಸುಪಾಸಿನ ಹಿರಿಯರು, ಹಣವನ್ನು ಕೈಗೆ ತೆಗೆದುಕೊಳ್ಳದೆ ಒಂದು ಮಾತು ಹೇಳಿದರು: "ತಂಗೀ, ಅವಸರ ಬೇಡ. ಮಳೆಗಾಲದಲ್ಲಿ ಒಂದು ಸಲ ಬಂದು ನಾಲ್ಕು ದಿವಸ ಇದ್ದು ನೋಡು." ನಾವು ಆ ಮಾತನ್ನು ಕೇಳಲಿಲ್ಲ. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ದೊಡ್ಡ ನಗರವನ್ನು ಬಿಟ್ಟು ಹೊರಡಬೇಕೆಂದಿರುವ ಪರಿಚಿತರು ಯಾರಾದರೂ ಸಲಹೆ ಕೇಳಿದಾಗ ನಾನು ಈಗ ಮೊದಲು ಹೇಳುವುದು ಆ ಮಾತನ್ನೇ.

ಬೆಂಗಳೂರಿನಲ್ಲಿ ನಾವಿದ್ದದ್ದು 2007ರಲ್ಲಿ ನಗರದ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ. 2024ರ ಬೇಸಿಗೆಯಲ್ಲಿ ನಮ್ಮ ವಸತಿ ಸಮುಚ್ಚಯದ ಎರಡೂ ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಮೇಲೆ ಮಕ್ಕಳ ಸ್ನಾನ ನಿರ್ಧಾರವಾಗುತ್ತಿತ್ತು. ಮಗಳು ಶಾಲೆಯ ವಾಹನದಲ್ಲಿ ಹೋಗುವುದಕ್ಕೆ ಐವತ್ತು ನಿಮಿಷ, ಬರುವುದಕ್ಕೆ ಅದಕ್ಕೂ ಹೆಚ್ಚು ಹೊತ್ತು ಕಳೆಯುತ್ತಿದ್ದಳು. ನಾವು ಬಿಟ್ಟು ಬಂದ ಐದು ತಿಂಗಳಿಗೆ, ಅದೇ ವರ್ಷದ ಅಕ್ಟೋಬರಿನಲ್ಲಿ, ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ನೀರೊಂದೇ ಕಾರಣವಾಗಿದ್ದರೆ ನಾವು ಇನ್ನೊಂದು ವರ್ಷ ತಾಳಿಕೊಳ್ಳಬಹುದಿತ್ತು. ನಮ್ಮನ್ನು ಹೊರಡಿಸಿದ್ದು ಮಗಳ ಆ ಎರಡು ಗಂಟೆಗಳು. ಏಳು ವರ್ಷದ ಮಗು ದಿನದಲ್ಲಿ ಎಚ್ಚರವಾಗಿರುವ ಹೊತ್ತೇ ಅಷ್ಟಿಷ್ಟು. ಅದರಲ್ಲಿ ಎರಡು ಗಂಟೆಯನ್ನು ರಸ್ತೆಯ ಮೇಲೆ ಕಳೆಯುವುದನ್ನು ನೋಡುತ್ತ ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ.

ನಮ್ಮಿಬ್ಬರದೂ ತುಮಕೂರು ಕಡೆಯ ಬಯಲುಸೀಮೆ. ಮಲೆನಾಡಿನಲ್ಲಿ ನಮಗೆ ನೆಂಟರಿಲ್ಲ. ಸಾಗರವನ್ನು ಆರಿಸಿಕೊಂಡದ್ದು ಒಂದು ರೈಲಿನ ಕಾರಣಕ್ಕೆ. ಯಜಮಾನರ ಕಂಪನಿಯವರು ತಿಂಗಳಿಗೆ ಒಂದು ವಾರ ಕಚೇರಿಗೆ ಬರುವುದಾದರೆ ಉಳಿದ ದಿನ ಮನೆಯಿಂದ ಕೆಲಸ ಮಾಡಬಹುದೆಂದು ಒಪ್ಪಿದ್ದರು. ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲನ್ನು ಸಾಗರ ಜಂಬಗಾರು ನಿಲ್ದಾಣದಲ್ಲಿ ಹತ್ತಿದರೆ ಬೆಳಕು ಹರಿಯುವ ಮೊದಲೇ ಬೆಂಗಳೂರು. ಆ ರೈಲಿಲ್ಲದಿದ್ದರೆ ನಮ್ಮ ಈ ಬದುಕೇ ಇರುತ್ತಿರಲಿಲ್ಲ.

ಮೇ ತಿಂಗಳ ಕೊನೆಯ ವಾರ ಸಾಮಾನು ಬಂದಿಳಿಯಿತು. ಜೂನ್ ಮುಗಿಯುವ ಹೊತ್ತಿಗೆ ಆರಿದ್ರಾ ಮಳೆ ಹಿಡಿಯಿತು, ಅದರ ಬೆನ್ನಿಗೇ ಪುನರ್ವಸು, ಪುಷ್ಯ. ಬಯಲುಸೀಮೆಯವರಿಗೆ ಮಳೆಯೆಂದರೆ ಬಂದು ಹೋಗುವಂಥದ್ದು. ಇಲ್ಲಿ ಅದು ಬಂದು ಕೂರುತ್ತದೆ. ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗಲಿಲ್ಲ. ಗೋದ್ರೇಜ್ ಬೀರುವಿನೊಳಗಿದ್ದ ನನ್ನ ಮದುವೆಯ ಸೀರೆಗೂ ಮಕ್ಕಳ ಚರ್ಮದ ಬೂಟಿಗೂ ಒಂದೇ ವಾರದಲ್ಲಿ ಬೂಸ್ಟು ಹಿಡಿಯಿತು. ತೋಟದ ಕಡೆ ಹೋಗಿ ಬಂದ ಮಗನ ಕಾಲಿನಲ್ಲಿ ಉಂಬಳ, ಅಂದರೆ ಜಿಗಣೆ, ಕಚ್ಚಿಕೊಂಡದ್ದನ್ನು ಕಂಡು ನಾನು ಕೂಗಿಕೊಂಡಾಗ ಅತ್ತೆ ಬಂದು ಸುಣ್ಣ ಮುಟ್ಟಿಸಿ ಬಿಡಿಸಿದರು. ಮರ ಬಿದ್ದು ವಿದ್ಯುತ್ ತಂತಿ ಹರಿದರೆ ಅದರ ಜೊತೆಗೇ ಇಂಟರ್ನೆಟ್ಟಿನ ತಂತಿಯೂ ಹರಿಯುತ್ತದೆ ಎಂಬುದು ಜುಲೈ ಎರಡನೆಯ ವಾರ ತಿಳಿಯಿತು. ಅಂದು ಯಜಮಾನರು ಲ್ಯಾಪ್‌ಟಾಪ್ ಹಿಡಿದುಕೊಂಡು ಪೇಟೆಯಲ್ಲಿ ಪರಿಚಯದವರೊಬ್ಬರ ಅಂಗಡಿಯ ಹಿಂಬದಿಯಲ್ಲಿ ಕುಳಿತು ಕೆಲಸ ಮುಗಿಸಿದರು. ಶಾಲೆಗೆ ಸಾಲಾಗಿ ಮಳೆ ರಜೆ. ಇನ್ವರ್ಟರ್ ಮತ್ತು ಒಂದು ಮಳೆಗಾಲಕ್ಕೆ ಸಾಕಾಗುವಷ್ಟು ಒಣ ಕಟ್ಟಿಗೆ, ಇವೆರಡನ್ನು ಮೇ ತಿಂಗಳಲ್ಲೇ ಮನೆಗೆ ಸೇರಿಸಿರಬೇಕು ಎಂಬುದು ಇಲ್ಲಿಯವರಿಗೆ ಹೇಳಬೇಕಾದ ಸಂಗತಿಯೇ ಅಲ್ಲ. ನಮಗೆ ಅದು ಗೊತ್ತಿರಲಿಲ್ಲ. ಆ ವರ್ಷ ನಮ್ಮ ಬಚ್ಚಲೊಲೆ ಉರಿದದ್ದು ಅತ್ತೆಯವರ ಕಟ್ಟಿಗೆಯಿಂದ.

ಮಗಳನ್ನು ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಸರ್ಕಾರಿ ಶಾಲೆಯ ಎರಡನೆಯ ತರಗತಿಗೆ ಸೇರಿಸಿದೆವು. ಮನೆಮಾತು ಕನ್ನಡವೇ ಆಗಿದ್ದರೂ ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಲಿ-ಕಲಿ ಪದ್ಧತಿಯಲ್ಲಿ ಮೊದಲ ಮೂರು ತರಗತಿಯ ಮಕ್ಕಳು ಒಟ್ಟಿಗೆ, ಗುಂಪುಗಳಾಗಿ ನೆಲದ ಮೇಲೆ ಕುಳಿತು, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುತ್ತಾರೆ; ಹಾಗಾಗಿ ಎರಡನೆಯ ತರಗತಿಯ ಹುಡುಗಿ ಒಂದನೆಯ ತರಗತಿಯವರ ಜೊತೆ ಅಕ್ಷರ ಕಲಿಯುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ಅವಳಿಗೂ ಅವಮಾನವಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಪೇಟೆಯ ಅಂಗಡಿಗಳ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆಯತೊಡಗಿದಳು. ಇಂಗ್ಲಿಷ್ ಹಿಂದೆ ಬಿದ್ದಿದೆ, ನಿಜ. ಸಂಜೆ ನಾನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಆ ಸಂಜೆಗಳು ಮೊದಲು ನಮ್ಮ ಬಳಿ ಇರಲೇ ಇಲ್ಲ.

ಈ ಬದಲಾವಣೆಯಲ್ಲಿ ಹೆಚ್ಚು ಕಳೆದುಕೊಂಡವಳು ನಾನು ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದಿದ್ದೆ. ನನ್ನ ಕೆಲಸ ಮನೆಯಿಂದ ಮಾಡುವಂಥದ್ದಾಗಿರಲಿಲ್ಲ. ಕುಟುಂಬವೊಂದು ಊರು ಬಿಡುವಾಗ ಯಾರ ಕೆಲಸ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದನ್ನು ಹೊರಡುವ ಮೊದಲೇ ಗಂಡಹೆಂಡಿರು ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ನಾವು ಅಷ್ಟು ಸ್ಪಷ್ಟವಾಗಿ ಮಾತಾಡಿಕೊಳ್ಳಲಿಲ್ಲ, ಮೊದಲ ಆರು ತಿಂಗಳು ಅದರ ನೋವು ಮನೆಯಲ್ಲಿ ಸುಳಿದಾಡುತ್ತಲೇ ಇತ್ತು. ಈಗ ನಾನು ನಾಲ್ಕು ಅಂಗಡಿಗಳಿಗೂ ಇಬ್ಬರು ಅಡಿಕೆ ವ್ಯಾಪಾರಿಗಳಿಗೂ ಜಿಎಸ್‌ಟಿ ಲೆಕ್ಕ ಬರೆದುಕೊಡುತ್ತೇನೆ. ಮೊದಲಿನ ಸಂಬಳದ ಕಾಲುಭಾಗವೂ ಬರುವುದಿಲ್ಲ. ಆದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ತರಗತಿಗಳ ನಡುವಣ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದು ಹೇಳಬಲ್ಲೆ.

ಆಸ್ಪತ್ರೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಮಕ್ಕಳಿರುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಸಾಗರದಲ್ಲಿ ಸರ್ಕಾರಿ ಆಸ್ಪತ್ರೆಯಿದೆ, ಮಕ್ಕಳ ವೈದ್ಯರೂ ಇದ್ದಾರೆ. ಅದಕ್ಕೂ ಮೇಲಿನ ಚಿಕಿತ್ಸೆ ಬೇಕೆಂದರೆ 70 ಕಿಲೋಮೀಟರಿಗೂ ತುಸು ಹೆಚ್ಚು ದೂರದ ಶಿವಮೊಗ್ಗಕ್ಕೆ ಹೋಗಬೇಕು. 2025ರ ಫೆಬ್ರುವರಿಯಲ್ಲಿ ಮಗನಿಗೆ ಜೋರು ಜ್ವರ ಬಂತು. ಹಿಂದಿನ ವಾರ ಪಕ್ಕದ ಮನೆಯ ಮಕ್ಕಳೊಂದಿಗೆ ದರಕು (ಉದುರಿದ ಒಣ ಎಲೆ) ಗುಡಿಸುವವರ ಹಿಂದೆ ಅವನೂ ಕಾಡಿನ ಅಂಚಿಗೆ ಹೋಗಿದ್ದ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಅಂದರೆ ಉಣ್ಣೆ ಹುಳು, ಕಚ್ಚುವುದರಿಂದ ಹರಡುವ ಆ ಜ್ವರ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ, ನಮ್ಮದೇ ತಾಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಜೀವಗಳನ್ನು ತೆಗೆದುಕೊಂಡಿದೆ. ವೈದ್ಯರು ರಕ್ತದ ಮಾದರಿಯನ್ನು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗಿನ ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಬೆಂಗಳೂರಿನಲ್ಲಿದ್ದಿದ್ದರೆ ಈ ಭಯವೇ ಇರುತ್ತಿರಲಿಲ್ಲವಲ್ಲ ಎಂಬ ಒಂದೇ ಯೋಚನೆ. ಅದು ಸಾಮಾನ್ಯ ಜ್ವರವೇ ಆಗಿತ್ತು. ಆದರೂ ಈಗ ಕಾಡಿನ ಕಡೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚದೆ ಮಕ್ಕಳನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ, ಬಂದ ಮೇಲೆ ಬಿಸಿನೀರು ಸ್ನಾನ ತಪ್ಪಿಸುವುದಿಲ್ಲ.

ಆ ಎರಡು ರಾತ್ರಿ ಅತ್ತೆ ನಮ್ಮ ಮನೆಯಲ್ಲೇ ಮಲಗಿದ್ದರು. ಅವರ ತವರು ಮನೆ ಈಗ ಶರಾವತಿ ಹಿನ್ನೀರಿನ ತಳದಲ್ಲಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ಮಗಳು ಅವರು. ಆಗ ಎಂಟು ವರ್ಷ. ಹಿತ್ತಾಳೆ ಹಂಡೆ, ದೇವರ ಪೆಟ್ಟಿಗೆ, ಎರಡು ಆಕಳು, ಇಷ್ಟರ ಜೊತೆ ಹೊರಟದ್ದು ಅವರಿಗೆ ನೆನಪಿದೆ. "ನಮ್ಮನ್ನು ಯಾರೂ ಕೇಳಲಿಲ್ಲ ತಂಗೀ. ನೀರು ಬಂತು, ಎದ್ದೆವು" ಎಂದರು. ಮುಳುಗಡೆಯ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಹಿನ್ನೀರಿನ ಆಚೆಗಿರುವ ತುಮರಿ ಸೀಮೆಯವರಿಗೆ ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು, ಕತ್ತಲಾದ ಮೇಲೆ ಅದೂ ನಿಲ್ಲುತ್ತಿತ್ತು. ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೆ ದಡದಲ್ಲಿ ನಿಂತು ಬೆಳಗಾಗುವುದನ್ನು ಕಾಯುವುದು ಹೇಗಿರಬಹುದೆಂದು ನನಗೆ ಆ ರಾತ್ರಿಗಳಲ್ಲಿ ತಿಳಿಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದಾಗ ಅತ್ತೆ ಮನೆಯಲ್ಲಿ ಪಾಯಸ ಮಾಡಿದರು. ನಾವು ಬೇಕೆಂದೇ ಬಂದವರು, ಬೇಡವೆನಿಸಿದರೆ ಹಿಂದಿರುಗಬಲ್ಲವರು. ಈ ತಾಲೂಕಿನಲ್ಲಿ ಊರು ಬಿಟ್ಟು ಬಂದೆವೆಂದು ಹೇಳಿಕೊಳ್ಳುವಾಗ ಆ ವ್ಯತ್ಯಾಸವನ್ನು ನಾನು ಮರೆಯಲಾರೆ.

ಸದ್ದಿಲ್ಲದ ಊರಿನಲ್ಲಿ ಮಕ್ಕಳಿಗೆ ನೋಡಲು ಕೇಳಲು ಏನಿರುತ್ತದೆ ಎಂದು ಬೆಂಗಳೂರಿನ ನೆಂಟರು ಕೇಳುತ್ತಾರೆ. ಎಂಟು ಕಿಲೋಮೀಟರ್ ಆಚೆ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಎಂಬ ರಂಗಸಂಸ್ಥೆ ಇದೆ. ಬೆಂಗಳೂರಿನಲ್ಲಿದ್ದಾಗ ಒಂದು ನಾಟಕವನ್ನೂ ನೋಡದ ನನ್ನ ಮಗಳು ಇಲ್ಲಿಗೆ ಬಂದ ಮೊದಲ ವರ್ಷದಲ್ಲಿ ಮೂರು ನಾಟಕಗಳನ್ನು ನೋಡಿದಳು.

2025ರ ಆಷಾಢದಲ್ಲಿ ನಮ್ಮ ಹಳೆಯ ಸಮುಚ್ಚಯದ ಗೆಳತಿಯ ಕುಟುಂಬವನ್ನು ಹಟ ಹಿಡಿದು ಕರೆಸಿಕೊಂಡೆ. ಅವರೂ ಡಿಸೆಂಬರಿನಲ್ಲಿ ಬಂದು ಮನೆ ನೋಡುವುದೆಂದು ಯೋಚಿಸಿದ್ದರು. ನಾಲ್ಕು ದಿನ ಇದ್ದರು. ಎರಡು ದಿನ ವಿದ್ಯುತ್ ಇರಲಿಲ್ಲ, ಒಂದು ಹೊತ್ತೂ ಬಿಸಿಲು ಬರಲಿಲ್ಲ. ಗೆಳತಿ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಮಗುವಿನ ಬಟ್ಟೆ ಹಾಕುತ್ತ, ಶಿವಮೊಗ್ಗಕ್ಕೆ ರಾತ್ರಿ ಆಂಬ್ಯುಲೆನ್ಸ್ ಎಷ್ಟು ಹೊತ್ತಿನಲ್ಲಿ ತಲುಪುತ್ತದೆ, ತಾನು ಮಾಡುವ ಕೆಲಸಕ್ಕೆ ಇಲ್ಲಿ ಯಾರು ಸಂಬಳ ಕೊಡುತ್ತಾರೆ ಎಂದು ಒಂದೊಂದಾಗಿ ಕೇಳಿದಳು. ಗೊತ್ತಿದ್ದಷ್ಟಕ್ಕೆ ಉತ್ತರ ಹೇಳಿದೆ. ಅವರು ಇನ್ನೂ ನಿರ್ಧಾರ ಮಾಡಿಲ್ಲ, ಮಾಡಲು ಅವಸರವೂ ಪಡುತ್ತಿಲ್ಲ. ಅದೇ ಸರಿ ಎಂದು ನನಗೆ ತೋರುತ್ತದೆ.