ಕಂಪನಿ ಕೊಂದರೆ ಎರಡು ವರ್ಷ, ಕಂಪನಿಯವನನ್ನು ಕೊಂದರೆ ಜೀವಾವಧಿ: ಇದು ನ್ಯಾಯವೇ?

ಕೈಗಾರಿಕಾ ಅನಾಹುತಗಳ ಕಾನೂನಿನ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಸಿಟ್ಟಿಗೆ ಆಧಾರವಿದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನಲ್ಲಿ ಸೋರಿದ ಅನಿಲಕ್ಕೆ ಸಾವಿರಾರು ಜನ ಸತ್ತರು. 10 ವರ್ಷದವರೆಗೆ ಶಿಕ್ಷೆಯಾಗಬಹುದಿದ್ದ ಆರೋಪವನ್ನು 1996ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿಗೆ, ಅಂದರೆ ಗರಿಷ್ಠ 2 ವರ್ಷದ ನಿರ್ಲಕ್ಷ್ಯಕ್ಕೆ ಇಳಿಸಿತು. ತೀರ್ಪು ಬಂದದ್ದು 2010ರ ಜೂನ್ 7ರಂದು. ತಪ್ಪಿತಸ್ಥರೆನಿಸಿದವರಲ್ಲಿ ಬದುಕಿದ್ದ ಕಂಪನಿಯ ಏಳು ಅಧಿಕಾರಿಗಳಿಗೆ ಎರಡೆರಡು ವರ್ಷ ಶಿಕ್ಷೆಯಾಯಿತು, ಅಂದೇ ಜಾಮೀನೂ ಸಿಕ್ಕಿತು. ಇದು ನ್ಯಾಯವಲ್ಲ. ಆದರೆ ಇದರಿಂದ ಕಲ್ಲೆತ್ತುವ ಹಕ್ಕು ಹುಟ್ಟುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಕ್ರಿಮಿನಲ್ ಕಾನೂನು ಮೊದಲು ಕೇಳುವುದು ಉದ್ದೇಶವನ್ನು, ಕಾರಣವನ್ನಲ್ಲ. ಬೆಂಕಿ ಹಚ್ಚಬೇಕೆಂದೇ ಹಚ್ಚಿದಿರಾ? ಹೌದಾದರೆ ಅಪರಾಧ ಸಾಬೀತು. ಏಕೆ ಹಚ್ಚಿದಿರಿ ಎಂಬುದಕ್ಕೆ ಕಿವಿಗೊಡುವುದು ಶಿಕ್ಷೆಯ ಪ್ರಮಾಣ ನಿಗದಿ ಮಾಡುವಾಗ. ಆತ್ಮರಕ್ಷಣೆಯ ಹಕ್ಕೂ (ದಂಡ ಸಂಹಿತೆಯ ಬದಲು ಈಗಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು) ಇಲ್ಲಿ ಕೈಹಿಡಿಯುವುದಿಲ್ಲ. ಪೊಲೀಸರ ಬಳಿ ಹೋಗಲು ಸಮಯವಿದ್ದರೆ ಆ ಹಕ್ಕೇ ಇಲ್ಲ ಎನ್ನುತ್ತದೆ 37ನೇ ಕಲಮು. ಕಾರ್ಖಾನೆಯಿಂದ ಅನಿಲ ಸೋರುತ್ತಿರುವಾಗ ಗೇಟಿನ ಬೀಗ ಒಡೆದು ಒಳನುಗ್ಗಿ ವಾಲ್ವ್ ತಿರುಗಿಸಿದವನಿಗೆ 19ನೇ ಕಲಮು ರಕ್ಷಣೆ ಕೊಡುತ್ತದೆ, ಏಕೆಂದರೆ ಅವನು ದೊಡ್ಡ ಹಾನಿ ತಪ್ಪಿಸಲು ಸಣ್ಣ ಹಾನಿ ಮಾಡಿದ. ಅದೇ ಮನುಷ್ಯ ವಾರ ಬಿಟ್ಟು ಬಂದು ಅದೇ ಗೇಟು ಮುರಿದರೆ ರಕ್ಷಣೆಯಿಲ್ಲ. ನಷ್ಟ ಒಂದು ಲಕ್ಷ ದಾಟಿದರೆ ಐದು ವರ್ಷದವರೆಗೆ ಜೈಲು.

ನೈತಿಕ ತೀರ್ಮಾನ ಇಷ್ಟು ಒರಟಾಗಿರಬೇಕಿಲ್ಲ. ಏನನ್ನು ಹಾಳುಮಾಡಿದರು, ಯಾರಿಗೆ ಪೆಟ್ಟಾಯಿತು, ಮಾಡಿದವರು ಮುಖ ತೋರಿಸಿ ನಿಂತರೋ ಓಡಿಹೋದರೋ ಎಂದೆಲ್ಲ ಅದು ನೋಡಬಹುದು, ನೋಡಬೇಕು. ನಮ್ಮ ರೈತ ಸಂಘದ ಹೋರಾಟವನ್ನೇ ತೆಗೆದುಕೊಳ್ಳಿ. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲೇ ಬಹಿರಂಗವಾಗಿ ಸಾರಿದ್ದರು, ಹೊಲದ ರೈತರ ನಷ್ಟ ತುಂಬಿಕೊಡುವುದಾಗಿಯೂ ಹೇಳಿದ್ದರು. ಜೀವ ಇರುವವರ ಮೇಲೆ ಕೈ ಮಾಡುವುದಿಲ್ಲ ಎಂಬುದು ಅವರ ಗೆರೆ. ಕಾನೂನಿನ ಕಣ್ಣಿಗೆ ಇವೆಲ್ಲ ಅಪರಾಧವೇ. ಆದರೂ ಇವನ್ನು ಕೊಲೆ, ಹಲ್ಲೆಗಳ ಸಾಲಿನಲ್ಲಿ ನಿಲ್ಲಿಸಲು ನಾನು ಒಪ್ಪುವುದಿಲ್ಲ. ಈ ವ್ಯತ್ಯಾಸವನ್ನು ಒಳಗೆ ಬಿಟ್ಟುಕೊಳ್ಳಲು ಕಾನೂನಿನಲ್ಲೂ ಒಂದು ಕಿಂಡಿ ಇದೆ: ನ್ಯಾಯಾಲಯದ ಒಪ್ಪಿಗೆಯ ಮೇಲೆ ಸರ್ಕಾರಿ ಅಭಿಯೋಜಕರು ಮೊಕದ್ದಮೆ ಹಿಂಪಡೆಯಬಹುದು. ರೈತ ಹೋರಾಟಗಾರರ ಮೇಲಿನ ಕೇಸುಗಳನ್ನು ಹಿಂಪಡೆಯಲು ಕರ್ನಾಟಕದ ಸಚಿವ ಸಂಪುಟಗಳು ತೀರ್ಮಾನಿಸುವುದು ಇದೇ ದಾರಿಯಲ್ಲಿ.

ಮನುಷ್ಯನ ಮೇಲೆ ಕೈ ಬಿದ್ದ ಕೂಡಲೇ ಲೆಕ್ಕ ಪೂರ್ತಿ ಬದಲಾಗುತ್ತದೆ, ಕಾನೂನಿನಲ್ಲೂ ನೀತಿಯಲ್ಲೂ. 2012ರ ಜುಲೈ 18ರಂದು ಹರಿಯಾಣದ ಮಾನೇಸರ್‌ನ ಮಾರುತಿ ಕಾರ್ಖಾನೆಯಲ್ಲಿ ಕಾರ್ಮಿಕರ ತಕರಾರು ಗಲಭೆಗೆ ತಿರುಗಿತು. ಬೆಂಕಿಯಲ್ಲಿ ಸತ್ತವರು ಮಾನವ ಸಂಪನ್ಮೂಲ ವಿಭಾಗದ ಅಧಿಕಾರಿ. ಕಾರ್ಮಿಕ ಸಂಘದ ನೋಂದಣಿಗೆ ಅವರೇ ನೆರವಾಗಿದ್ದರೆಂದು ಆಗ ವರದಿಯಾಗಿತ್ತು. ಗುಂಪಿನ ಕೈಗೆ ಸಿಗುವುದು ಕಂಪನಿಯಲ್ಲ, ಅಂದು ಡ್ಯೂಟಿಯಲ್ಲಿದ್ದ ಯಾರೋ ಒಬ್ಬರು. ನಿರ್ದೇಶಕರ ಮಂಡಳಿ ಆ ಹುದ್ದೆಗೆ ಮತ್ತೊಬ್ಬರನ್ನು ನೇಮಿಸುತ್ತದೆ, ಅಷ್ಟೇ. ಇನ್ನು ಗುಂಪಿನಲ್ಲಿದ್ದವರ ಪಾಡು? ಸಮಾನ ಗುರಿಯ ಅಕ್ರಮ ಕೂಟದಲ್ಲಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ (ಹಳೆಯ ಸಂಹಿತೆಯ 149ನೇ ಕಲಮು, ಈಗಿನದರ 190ನೇ ಕಲಮು). 2017ರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು, 117 ಮಂದಿ ಖುಲಾಸೆಯಾದರು. ಹಾಗೆ ಖುಲಾಸೆಯಾದವರಲ್ಲಿ ಹಲವರು ಅಷ್ಟರಲ್ಲೇ ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು.

ಹಾಗಾದರೆ ಸುಮ್ಮನಿರಬೇಕೇ? ಖಂಡಿತ ಬೇಡ. ಅಪಾಯಕಾರಿ ಉದ್ಯಮ ನಡೆಸುವವರು ಯಾರ ತಪ್ಪೆಂದು ಸಾಬೀತಾಗದಿದ್ದರೂ ಪರಿಹಾರ ಕೊಡಲೇಬೇಕೆಂದು ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದವರು ಪರಿಸರ ವಿವಾದಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಅರ್ಜಿ ಹಾಕಬಹುದು. ಪರಿಹಾರಕ್ಕೆ ಐದು ವರ್ಷದ ಕಾಲಾವಕಾಶವಿದೆ, ಇತರ ವಿವಾದಗಳಿಗೆ ಆರೇ ತಿಂಗಳು. ಊರವರು ಎಡವುವುದು ಸಾಮಾನ್ಯವಾಗಿ ಸಾಕ್ಷ್ಯದಲ್ಲಿ. ಹಳ್ಳದ ನೀರನ್ನು ತಾವೇ ಬಾಟಲಿಯಲ್ಲಿ ತುಂಬಿ ಇಡುತ್ತಾರೆ. ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು ಮಾದರಿ ತೆಗೆದು, ಎರಡು ಪಾಲು ಮಾಡಿ, ಸೀಲು ಹಾಕಿ, ಸಹಿ ಮಾಡಬೇಕು. ಈ ಕ್ರಮ ತಪ್ಪಿದ ಮಾದರಿಯ ವರದಿಯನ್ನು ಆ ಕಾಯ್ದೆಯ ಮೊಕದ್ದಮೆಯಲ್ಲಿ ಕಂಪನಿಯ ವಕೀಲರು ಮೊದಲ ದಿನವೇ ಪಕ್ಕಕ್ಕೆ ಸರಿಸುತ್ತಾರೆ. ಹಾಗಾಗಿ ದೂರಿನಲ್ಲೇ 21ನೇ ಕಲಮು ಹೆಸರಿಸಿ ಮಾದರಿ ತೆಗೆಯುವಂತೆ ಕೇಳಿ, ಸ್ವೀಕೃತಿ ಪಡೆದು, ಅಧಿಕಾರಿ ಬಂದ ದಿನ ಸ್ಥಳದಲ್ಲಿ ಹಾಜರಿರಿ.